ಚಿಲುಮೆಯ ಹೊಳೆಯಲ್ಲಿ ದೋಣಿಯಾನ

ನದಿ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವ ಚಿತ್ರ ಎರಡು ಬಗೆಯದು. ಒಂದು, ಆಷಾಢ-ಶ್ರಾವಣಗಳಲ್ಲಿ ಕೆಂಪು ನೀರನ್ನು ಹೊತ್ತು ದಡ ಮೀರಿ ಹರಿಯುವ ತುಂಗಭದ್ರೆಯದು. ಇನ್ನೊಂದು, ಚೈತ್ರ-ವೈಶಾಖಗಳಲ್ಲಿ ಬಂಡೆಗಳ ನಡುವೆ ಸೊರಗಿ ನಿಂತ ಅದೇ ತುಂಗಭದ್ರೆಯದು. ಮಳೆಯನ್ನು ನಂಬಿದ ನದಿಯ ಸ್ವಭಾವವೇ ಅಂಥದು. ಆದರೆ ಮಳೆಗಾಲದಲ್ಲಿ ಅಷ್ಟಾಗಿ ಉಕ್ಕದೆ, ಬೇಸಗೆಯಲ್ಲಿ ಅಷ್ಟಾಗಿ ಇಳಿಯದೆ, ವರ್ಷದ ಎಲ್ಲ ದಿನಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ, ತಳದ ಮರಳು ಕಾಣುವಷ್ಟು ತಿಳಿಯಾಗಿ ಹರಿಯುವ ಹೊಳೆಗಳೂ ಭೂಮಿಯ ಮೇಲುಂಟು. ಅವು ನೆಲದೊಳಗಿನ ಚಿಲುಮೆಗಳಿಂದ ಹುಟ್ಟುವ ಹೊಳೆಗಳು. ಅಮೆರಿಕದ ಫ್ಲಾರಿಡಾ ರಾಜ್ಯದ ಉತ್ತರ ಹಾಗೂ ಮಧ್ಯಭಾಗ ಇಂತಹ ಹೊಳೆಗಳಿಗೆ ಹೆಸರಾದ ಸೀಮೆ.

ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬರುವ ಕನ್ನಡಿಗರು ಈಗ ಕಡಿಮೆಯಲ್ಲ. ಫ್ಲಾರಿಡಾಕ್ಕೆ ಹೋದವರು ಡಿಸ್ನಿ ಲೋಕವನ್ನೂ ಕೇಪ್ ಕೆನವೆರಲ್‌ನ ರಾಕೆಟ್ಟುಗಳನ್ನೂ ನೋಡಿ ಹಿಂದಿರುಗುವುದು ರೂಢಿ. ಆ ಸ್ಥಳಗಳಿಂದ ಕೆಲವು ಗಂಟೆಗಳ ದಾರಿಯಲ್ಲಿರುವ ಈ ಹೊಳೆಗಳಲ್ಲಿ ಹುಟ್ಟುಹಾಕುತ್ತ ಕಳೆದ ಅರ್ಧ ದಿನವು ದೇಹಕ್ಕೆ ಹಿತವಾದ ವ್ಯಾಯಾಮವನ್ನು ಕೊಡುತ್ತದೆ. ಅದರ ಜೊತೆಗೆ, ಮಹಾನಗರದಲ್ಲಿ ನಲ್ಲಿಯ ನೀರನ್ನೋ ಕೊಳವೆಬಾವಿಯ ನೀರನ್ನೋ ನಂಬಿ ಸಂಸಾರ ನಡೆಸುವವರಿಗೆ ಅಗತ್ಯವಾದ ಒಂದು ತಿಳಿವಳಿಕೆಯನ್ನೂ ಕೊಡಬಲ್ಲುದು.

ನೆಲದಡಿಯ ನೀರು

ಫ್ಲಾರಿಡಾದ ನೆಲ ಮೇಲ್ನೋಟಕ್ಕೆ ಮರಳು. ಅದರ ಕೆಳಗಿರುವುದು ಸುಣ್ಣಕಲ್ಲು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ಹುಳಿನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಲಕ್ಷಾಂತರ ವರ್ಷಗಳ ಕಾಲ ಅದನ್ನು ಕರಗಿಸುತ್ತ ಬಂದುದರಿಂದ, ನೆಲದಡಿಯಲ್ಲಿ ಸಣ್ಣ ರಂಧ್ರದಿಂದ ಹಿಡಿದು ಮನುಷ್ಯನು ಈಜಿ ಹೋಗಬಹುದಾದ ಸುರಂಗದವರೆಗೆ ನೀರಿನ ದಾರಿಗಳು ಏರ್ಪಟ್ಟಿವೆ. 'ಫ್ಲಾರಿಡನ್ ಜಲಧರ' ಎಂದು ಕರೆಯಲಾಗುವ ಈ ಭೂಗತ ಜಲಭಂಡಾರ ಸುಮಾರು 2,60,000 ಚದರ ಕಿಲೋಮೀಟರ್ ವಿಸ್ತಾರವಾದುದು. ಫ್ಲಾರಿಡಾ ಅಲ್ಲದೆ ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ ರಾಜ್ಯಗಳ ಅಡಿಯಲ್ಲಿಯೂ ಹಬ್ಬಿದೆ.

ಒತ್ತಡಕ್ಕೆ ಸಿಕ್ಕ ಈ ನೀರು ಬಾಯಿ ಕಂಡಲ್ಲಿ ಚಿಮ್ಮಿ ಬರುತ್ತದೆ. ಫ್ಲಾರಿಡಾದಲ್ಲಿ ಗುರುತಿಸಲಾದ ಚಿಲುಮೆಗಳು ಸಾವಿರಕ್ಕೂ ಹೆಚ್ಚು. ಸೆಕೆಂಡಿಗೆ ಸುಮಾರು 2,800 ಲೀಟರಿಗೂ ಮಿಕ್ಕಿ ನೀರನ್ನು ಹೊರಸೂಸುವ ಚಿಲುಮೆಗೆ 'ಮೊದಲ ದರ್ಜೆ'ಯ ಚಿಲುಮೆ ಎಂದು ಹೆಸರು. ಅಂತಹವು ಒಂದೊಂದೂ ಒಂದು ಹೊಳೆಯನ್ನೇ ಹೆರುತ್ತವೆ. ನೆಲದ ಆಳದಿಂದ ಬರುವ ಕಾರಣ ಈ ನೀರಿನ ಉಷ್ಣತೆ ಬೇಸಗೆ ಚಳಿಗಾಲಗಳೆರಡರಲ್ಲಿಯೂ ಸುಮಾರು 22 ಡಿಗ್ರಿ ಸೆಲ್ಸಿಯಸ್. ಆದುದರಿಂದಲೇ ಸಮುದ್ರ ತಣ್ಣಗಾಗುವ ಚಳಿಗಾಲದಲ್ಲಿ ಮ್ಯಾನಟೀ ಎಂಬ ದೊಡ್ಡ ಮೈಯ, ಸಾಧು ಸ್ವಭಾವದ ಜಲಚರಗಳು ಕ್ರಿಸ್ಟಲ್ ರಿವರ್ ಮುಂತಾದ ಚಿಲುಮೆಯ ಹೊಳೆಗಳಿಗೆ ಬೆಚ್ಚಗಿರಲು ಬಂದು ಸೇರುತ್ತವೆ.

ಎರಡು ಬಗೆಯ ದೋಣಿ

ಈ ಹೊಳೆಗಳಲ್ಲಿ ಬಳಸುವ ದೋಣಿಗಳು ಎರಡು ಬಗೆ. ಕನೂ ಎಂಬುದು ಮೇಲೆ ತೆರೆದಿರುವ, ಎರಡು ತುದಿಗಳೂ ಚೂಪಾದ ಹಗುರ ದೋಣಿ. ಅದರಲ್ಲಿ ಒಂದೇ ಅಲಗಿನ ಹುಟ್ಟನ್ನು ಹಿಡಿದು ಸಾಮಾನ್ಯವಾಗಿ ಇಬ್ಬರು ಕುಳಿತು ಸಾಗುತ್ತಾರೆ. ಕಯಾಕ್ ಅದಕ್ಕಿಂತ ಕಿರಿದು. ಕೂರುವವನು ಕಾಲು ಚಾಚಿ ತಗ್ಗಿನಲ್ಲಿ ಕುಳಿತು, ಎರಡೂ ತುದಿಗೆ ಅಲಗುಳ್ಳ ಹುಟ್ಟನ್ನು ಎಡಕ್ಕೂ ಬಲಕ್ಕೂ ಬಾರಿಬಾರಿಗೆ ಹಾಕುತ್ತಾನೆ. ಕಯಾಕ್ ಉತ್ತರ ಧ್ರುವದ ಸಮೀಪದ ಜನ ಬೇಟೆಗಾಗಿ ಚರ್ಮದಿಂದ ಕಟ್ಟಿಕೊಂಡ ದೋಣಿ. ಕನೂ ಫ್ಲಾರಿಡಾದ ನೆಲಕ್ಕೆ ಬಹಳ ಹಳೆಯದು. 2000ನೆಯ ಇಸವಿಯ ಬರಗಾಲದಲ್ಲಿ ಗೇನ್ಸ್‌ವಿಲ್ ನಗರದ ಬಳಿಯ ನ್ಯೂನನ್ಸ್ ಕೆರೆ ಬತ್ತಿದಾಗ, ಅದರ ಕೆಸರಿನಲ್ಲಿ ಮರದ ದಿಮ್ಮಿ ಕೊರೆದು ಮಾಡಿದ 101 ಕನೂಗಳ ಅವಶೇಷಗಳು ದೊರೆತವು. ಅವುಗಳಲ್ಲಿ ಅತಿ ಹಳೆಯವು ಸುಮಾರು 5,000 ವರ್ಷಗಳಷ್ಟು ಪುರಾತನವೆಂದು ಕಂಡುಬಂದಿತು. ಹಂಪೆಯ ಹರಿಗೋಲಿನಂತೆಯೇ ಇದೂ ಮೊದಲು ವಿನೋದದ ವಸ್ತುವಾಗಿರದೆ ಹೊಟ್ಟೆಪಾಡಿನ ಸಾಧನವಾಗಿತ್ತೆಂಬುದನ್ನು ನೆನೆಯಬೇಕು.

ಇಚಟಕ್ನೀ ಹೊಳೆ

ಚಿಲುಮೆಯ ಹೊಳೆಯ ಸೊಗಸನ್ನು ಅರಿಯಲು ಇಚಟಕ್ನೀ ತಕ್ಕ ಉದಾಹರಣೆ. ಉತ್ತರ ಫ್ಲಾರಿಡಾದ ಕಾಡಿನ ನಡುವೆ ಒಂದು ನೀಲಿ ಗುಂಡಿಯಿಂದ ಹೊರಡುವ ಈ ಹೊಳೆ, ದಾರಿಯಲ್ಲಿ ಬ್ಲೂ ಹೋಲ್ ಮೊದಲಾದ ಇನ್ನೂ ಹಲವು ಚಿಲುಮೆಗಳ ನೀರನ್ನು ಕೂಡಿಸಿಕೊಂಡು, ಹತ್ತು ಕಿಲೋಮೀಟರಿಗೆ ತುಸು ಕಡಿಮೆ ದೂರ ಹರಿದು ಸಾಂಟಾ ಫೆ ನದಿಯನ್ನು ಸೇರುತ್ತದೆ. 1970ರಲ್ಲಿ ರಾಜ್ಯ ಸರಕಾರ ಈ ಜಾಗವನ್ನು ಕೊಂಡು ಉದ್ಯಾನವಾಗಿಸಿತು. 1972ರಲ್ಲಿ ಇದಕ್ಕೆ ರಾಷ್ಟ್ರೀಯ ನೈಸರ್ಗಿಕ ಸ್ಮಾರಕದ ಮನ್ನಣೆ ದೊರೆಯಿತು.

ದೋಣಿಯನ್ನು ನೀರಿಗಿಳಿಸಿದ ಕೂಡಲೆ ಗಮನಕ್ಕೆ ಬರುವುದು ನೀರಿನ ತಿಳಿತನ. ಹಲವು ಅಡಿ ಆಳದಲ್ಲಿ ಉದ್ದನೆಯ ರಿಬ್ಬನ್ನಿನಂತಹ ಜಲಹುಲ್ಲು ಪ್ರವಾಹದ ದಿಕ್ಕಿಗೆ ಬಾಗಿ ತೊನೆಯುತ್ತಿರುತ್ತದೆ. ಅದರ ಮೇಲೆ ದೋಣಿಯ ನೆರಳು ಸಾಗುವುದು ಕಾಣುತ್ತದೆ. ದಡದ ಸೈಪ್ರೆಸ್ ಮರಗಳ ಬೇರುಗಳು ಮೊಣಕಾಲಿನಂತೆ ನೀರಿನಿಂದ ಮೇಲೆದ್ದಿರುತ್ತವೆ. ಬಿದ್ದ ದಿಮ್ಮಿಗಳ ಮೇಲೆ ಸಾಲಾಗಿ ಆಮೆಗಳು ಬಿಸಿಲು ಕಾಯುತ್ತವೆ. ಅದೃಷ್ಟವಿದ್ದರೆ ನೀರುನಾಯಿಯೂ ಕಣ್ಣಿಗೆ ಬೀಳುತ್ತದೆ. ಪ್ರವಾಹವೇ ದೋಣಿಯನ್ನು ಮೆಲ್ಲಗೆ ಒಯ್ಯುವುದರಿಂದ ಹುಟ್ಟಿನ ಕೆಲಸ ಹೆಚ್ಚಾಗಿ ದಿಕ್ಕು ತಿದ್ದುವಷ್ಟೇ. ಹೀಗಾಗಿ ಮೊದಲ ಬಾರಿಗೆ ದೋಣಿ ಹತ್ತುವವರಿಗೂ ಈ ಹೊಳೆ ಅಂಜಿಕೆ ಹುಟ್ಟಿಸುವುದಿಲ್ಲ.

ಒಂದು ಕಾಲದಲ್ಲಿ ಬೇಸಗೆಯ ದಿನಗಳಲ್ಲಿ ಇಲ್ಲಿ ಜನಜಾತ್ರೆಯೇ ನೆರೆಯುತ್ತಿತ್ತು. ರಬ್ಬರಿನ ಟ್ಯೂಬುಗಳಲ್ಲಿ ತೇಲುವವರ ಕಾಲ್ತುಳಿತಕ್ಕೆ ತಳದ ಹುಲ್ಲು ಕಿತ್ತುಹೋಗತೊಡಗಿದ ಮೇಲೆ, ಹೊಳೆಯ ಮೇಲ್ಭಾಗದಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಹಾಕಲಾಯಿತು. ಬಿಸಾಡುವಂತಹ ಯಾವ ವಸ್ತುವನ್ನೂ, ಮದ್ಯ ತಂಬಾಕುಗಳನ್ನೂ ಹೊಳೆಗೆ ಒಯ್ಯುವಂತಿಲ್ಲ. ನಿಯಮ ಬಂದ ಮೇಲೆ ಹುಲ್ಲು ಮತ್ತೆ ಚಿಗುರಿತು.

ದೇಹಕ್ಕೆ ದೊರೆಯುವ ಲಾಭ

ಹುಟ್ಟುಹಾಕುವುದು ತೋಳಿನ ಕೆಲಸವೆಂಬುದು ಸಾಮಾನ್ಯ ತಿಳಿವಳಿಕೆ. ತೋಳಿನಿಂದಲೇ ಎಳೆದವನು ಅರ್ಧ ಗಂಟೆಯಲ್ಲಿ ದಣಿಯುತ್ತಾನೆ. ಕ್ರಮ ಬಲ್ಲವನು ಪಾದಗಳನ್ನು ಆನಿಕೆಗೆ ಒತ್ತಿ, ಸೊಂಟದಿಂದ ಮೇಲಿನ ಮುಂಡವನ್ನು ತಿರುಗಿಸಿ ಹುಟ್ಟನ್ನು ನಡೆಸುತ್ತಾನೆ, ಹಿಡಿತ ಸಡಿಲವಾಗಿರುತ್ತದೆ. ಇದರಿಂದ ಬೆನ್ನು, ಭುಜ, ಹೊಟ್ಟೆ, ಪಕ್ಕೆಗಳ ಸ್ನಾಯುಗಳು ಒಟ್ಟಾಗಿ ದುಡಿಯುತ್ತವೆ. ಮೇಜಿನ ಮುಂದೆ ಬಾಗಿ ಕುಳಿತೇ ದಿನ ಕಳೆಯುವ ನಗರವಾಸಿಗಳಲ್ಲಿ ಸೊರಗುವುದು ಇದೇ ಸ್ನಾಯುಗಳು. ಮೊಣಕಾಲಿನ ಸವೆತದಿಂದ ನಡೆಯಲು ಕಷ್ಟಪಡುವವರಿಗೆ ಕುಳಿತಲ್ಲಿಯೇ ಮಾಡಬಹುದಾದ ಈ ವ್ಯಾಯಾಮ ವಿಶೇಷವಾಗಿ ಅನುಕೂಲ.

ಸಮ ವೇಗದಲ್ಲಿ ಹುಟ್ಟುಹಾಕುವುದು ಚುರುಕು ನಡಿಗೆಗೆ ಹೋಲಿಸಬಹುದಾದ ಮಧ್ಯಮ ಶ್ರಮ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆ. ವರ್ಷಕ್ಕೊಮ್ಮೆ ಮಾಡಿದ ದೋಣಿಯಾನದಿಂದ ಆ ಲೆಕ್ಕ ತುಂಬದು, ನಿಜ. ಆದರೆ ವ್ಯಾಯಾಮವು ಸಂತೋಷದ ಸಂಗತಿಯೂ ಆಗಬಲ್ಲುದೆಂಬ ಅನುಭವ, ಊರಿಗೆ ಮರಳಿದ ಮೇಲೆ ಬೆಳಗಿನ ನಡಿಗೆಗೆ ಪ್ರೇರಣೆಯಾದರೆ ಅದೇ ದೊಡ್ಡ ಲಾಭ.

ಎಚ್ಚರಿಕೆಯ ಮಾತು

ನೀರು ಎಷ್ಟೇ ಶಾಂತವಾಗಿದ್ದರೂ ನೀರೇ. ಹೊರಡುವವರು ಈ ಕೆಲವು ಅಂಶಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

1. ಲೈಫ್ ಜಾಕೆಟ್ಟನ್ನು ದೋಣಿಯಲ್ಲಿಟ್ಟರೆ ಸಾಲದು, ಮೈಮೇಲೆ ಧರಿಸಬೇಕು. ಅಮೆರಿಕದ ವಿನೋದದ ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರ ಪೈಕಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಅದನ್ನು ಧರಿಸಿರಲಿಲ್ಲವೆಂದು ಅಲ್ಲಿನ ಕರಾವಳಿ ಕಾವಲು ಪಡೆಯ ವಾರ್ಷಿಕ ಲೆಕ್ಕಗಳು ಹೇಳುತ್ತವೆ. ಈಜು ಬಲ್ಲವರಿಗೂ ಈ ಮಾತು ಅನ್ವಯಿಸುತ್ತದೆ.

2. 22 ಡಿಗ್ರಿ ಎಂಬುದು ಗಾಳಿಯಲ್ಲಿ ಹಿತ, ನೀರಿನಲ್ಲಿ ತಂಪು. ನೀರು ದೇಹದ ಶಾಖವನ್ನು ಗಾಳಿಗಿಂತ ಬಹಳ ವೇಗವಾಗಿ ಸೆಳೆದುಕೊಳ್ಳುತ್ತದೆ. ಮಕ್ಕಳೂ ವೃದ್ಧರೂ ನೀರಿನಲ್ಲಿ ಬಹಳ ಹೊತ್ತು ಇರಬಾರದು; ನಡುಕ ಬಂದೊಡನೆ ಹೊರಬಂದು ಒಣಬಟ್ಟೆ ತೊಡಬೇಕು.

3. ಸಿಲ್ವರ್ ಸ್ಪ್ರಿಂಗ್ಸ್‌ನಂತಹ ಕಡೆ ಚಿಲುಮೆಯ ಬಳಿಯೇ ದೋಣಿ ಹತ್ತಿ ಅಲ್ಲಿಗೇ ಮರಳಬೇಕಾಗಬಹುದು. ಹೋಗುವಾಗ ಪ್ರವಾಹ ಒಯ್ಯುತ್ತದೆ. ಹಿಂದಿರುಗುವಾಗ ಅದೇ ಪ್ರವಾಹ ಎದುರಾಗುತ್ತದೆ. ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಖರ್ಚಾಗುವ ಮೊದಲೇ ದೋಣಿಯನ್ನು ತಿರುಗಿಸುವುದು ಜಾಣತನ.

4. ಹೃದ್ರೋಗ, ಅಧಿಕ ರಕ್ತದೊತ್ತಡ, ಬೆನ್ನುಮೂಳೆಯ ತೊಂದರೆ, ಭುಜದ ನೋವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಗ್ಲೂಕೋಸನ್ನು ಒದ್ದೆಯಾಗದಂತೆ ಕಟ್ಟಿ ಜೊತೆಯಲ್ಲಿರಿಸಿಕೊಳ್ಳತಕ್ಕದ್ದು.

5. ಫ್ಲಾರಿಡಾದ ಬೇಸಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಸಾಮಾನ್ಯ. ಬೆಳಗಿನಲ್ಲಿಯೇ ಯಾನ ಮುಗಿಸಬೇಕು. ಹೊಳೆಗಳಲ್ಲಿ ಅಮೆರಿಕದ ಮೊಸಳೆಜಾತಿಯಾದ ಆಲಿಗೇಟರ್ ಇರುತ್ತದೆ. ದೂರದಿಂದ ನೋಡಬೇಕು, ತಿನಿಸು ಎಸೆಯಬಾರದು.

ತಿನಿಸಿನ ವಿಷಯದಲ್ಲಿ ಸಿಲ್ವರ್ ಸ್ಪ್ರಿಂಗ್ಸ್‌ನ ಕೋತಿಗಳ ಕಥೆ ಭಾರತೀಯರಿಗೆ ಸ್ವಾರಸ್ಯಕರವಾದುದು. ದೆಹಲಿಯ ಕನ್ನಡಿಗರಿಗೆ ಚಿರಪರಿಚಿತವಾದ ಕೆಂಪುಮೋರೆಯ ರೀಸಸ್ ಕೋತಿಗಳನ್ನು 1930ರ ದಶಕದಲ್ಲಿ ದೋಣಿವಿಹಾರದ ವ್ಯಾಪಾರಿಯೊಬ್ಬನು ಅಲ್ಲಿನ ಒಂದು ನಡುಗಡ್ಡೆಯಲ್ಲಿ ಬಿಟ್ಟನು. ಅವಕ್ಕೆ ಈಜು ಬಾರದೆಂದು ಅವನು ನಂಬಿದ್ದನು. ಅವು ಈಜಿ ಕಾಡು ಸೇರಿ ಸಂತಾನ ಬೆಳೆಸಿದುವು. ಈ ಕೋತಿಗಳಲ್ಲಿ ಕೆಲವು 'ಹರ್ಪೀಸ್ ಬಿ' ಎಂಬ ವೈರಸ್ಸನ್ನು ಹೊರಸೂಸುತ್ತವೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮನುಷ್ಯನಿಗೆ ಇದು ಅಂಟುವುದು ತೀರ ಅಪರೂಪ, ಅಂಟಿದರೆ ಪ್ರಾಣಾಪಾಯ. ಕೋತಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ಚೆನ್ನಾಗಿ ತೊಳೆದು ಕೂಡಲೆ ವೈದ್ಯರಲ್ಲಿಗೆ ಹೋಗಬೇಕೆಂಬ ನಿಯಮ ಎಲ್ಲೆಡೆಯೂ ಒಂದೇ.

ತಿಳಿನೀರಿನ ಕಾಯಿಲೆ

ಇಷ್ಟೆಲ್ಲ ಸೊಬಗುಳ್ಳ ಈ ಹೊಳೆಗಳು ಈಗ ಪೂರ್ಣ ಆರೋಗ್ಯದಿಂದಿಲ್ಲ. ಮೊದಲು ಹಸುರು ಹುಲ್ಲು ತೊನೆಯುತ್ತಿದ್ದ ಎಷ್ಟೋ ಚಿಲುಮೆಗಳ ತಳದಲ್ಲಿ ಇಂದು ಕಂದು ಪಾಚಿ ಜೋತಾಡುತ್ತಿದೆ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ನೈಟ್ರೇಟ್. ಹೊಲಕ್ಕೂ ಮನೆಯಂಗಳದ ಹುಲ್ಲುಹಾಸಿಗೂ ಸುರಿದ ಗೊಬ್ಬರ, ದನಗಳ ಸಗಣಿ ಗಂಜಲ, ಮನೆಗಳ ಸೆಪ್ಟಿಕ್ ಟ್ಯಾಂಕಿನ ಸೋರಿಕೆ, ಇವೆಲ್ಲದರ ಸಾರಜನಕ ಮರಳಿನಲ್ಲಿ ಇಂಗಿ, ಸುಣ್ಣಕಲ್ಲಿನ ಸುರಂಗಗಳಲ್ಲಿ ಹರಿದು ಚಿಲುಮೆಯಲ್ಲಿ ಮೇಲೆ ಬರುತ್ತದೆ. ದೂರದ ಇಂಗುಗುಂಡಿಗಳಲ್ಲಿ ಬಣ್ಣ ಹಾಕಿ ನೋಡಿದಾಗ ಅದು ಇಚಟಕ್ನೀಯ ಚಿಲುಮೆಗಳಲ್ಲಿ ಕಾಣಿಸಿಕೊಂಡುದು ಈ ಭೂಗತ ಸಂಬಂಧಕ್ಕೆ ಸಾಕ್ಷಿ. ಚಿಲುಮೆಗಳ ಆರೋಗ್ಯಕ್ಕೆ ಲೀಟರಿಗೆ 0.35 ಮಿಲಿಗ್ರಾಮ್ ನೈಟ್ರೇಟ್-ಸಾರಜನಕವೇ ಮೇಲ್ಮಿತಿಯೆಂದು ಫ್ಲಾರಿಡಾ ಗೊತ್ತುಪಡಿಸಿದೆ. ಹಲವು ಚಿಲುಮೆಗಳು ಈ ಮಿತಿಯನ್ನು ದಾಟಿವೆ.

ಮನುಷ್ಯನು ಕುಡಿಯುವ ನೀರಿಗೆ ಮಿತಿ ಇಷ್ಟು ಬಿಗಿಯಲ್ಲ. ಭಾರತೀಯ ಮಾನಕದಂತೆ ಅದು ಲೀಟರಿಗೆ 45 ಮಿಲಿಗ್ರಾಮ್ ನೈಟ್ರೇಟ್. ಆ ಮಿತಿ ಮೀರಿದರೆ ಅಪಾಯಕ್ಕೆ ಮೊದಲು ಗುರಿಯಾಗುವವರು ಆರು ತಿಂಗಳೊಳಗಿನ ಹಸುಳೆಗಳು. ನೈಟ್ರೇಟ್ ಅವರ ದೇಹದಲ್ಲಿ ನೈಟ್ರೈಟ್ ಆಗಿ ಮಾರ್ಪಟ್ಟು, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಬಾವಿಯ ನೀರಿಗೂ ಈ ರೋಗಕ್ಕೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಮೊದಲು ವಿವರಿಸಿದರು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಭಾರತದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ನೈಟ್ರೇಟ್ ಮಿತಿಯನ್ನು ಮೀರಿತ್ತು. ಕೊಳವೆಬಾವಿಯ ನೀರಿನಲ್ಲಿ ಮಗುವಿಗೆ ಹಾಲಿನ ಪುಡಿ ಕಲಸುವ ತಾಯಂದಿರು ಆ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ತಾಯಿಯ ಹಾಲಿಗೆ ಈ ಭಯವಿಲ್ಲ.

ಬತ್ತಿದ ಚಿಲುಮೆಗಳು

ಕಲುಷಿತವಾಗುವುದು ಒಂದು ಕಷ್ಟವಾದರೆ ಬತ್ತಿಹೋಗುವುದು ಇನ್ನೊಂದು. ಮಧ್ಯ ಫ್ಲಾರಿಡಾದ ಬಾರ್ಟೋ ಪಟ್ಟಣದ ಬಳಿಯ ಕಿಸಿಂಜನ್ ಚಿಲುಮೆ ಒಂದು ಕಾಲಕ್ಕೆ ದಿನಕ್ಕೆ ಸುಮಾರು 7.5 ಕೋಟಿ ಲೀಟರ್ ನೀರು ಕೊಡುತ್ತಿತ್ತು. ಸುತ್ತಲಿನ ಊರಿನವರು ರಜೆಯ ದಿನ ಅಲ್ಲಿ ಈಜಲು, ಬುತ್ತಿ ಉಣ್ಣಲು ನೆರೆಯುತ್ತಿದ್ದರು. ಫಾಸ್ಫೇಟ್ ಗಣಿಗಳೂ ಇತರ ಬಾವಿಗಳೂ ನೆಲದ ನೀರನ್ನು ಎಳೆದೆಳೆದು, 1950ರಲ್ಲಿ ಆ ಚಿಲುಮೆ ಹರಿಯುವುದನ್ನು ನಿಲ್ಲಿಸಿತು. ಸುವಾನಿ ನದಿಯ ದಡದ ವೈಟ್ ಸ್ಪ್ರಿಂಗ್ಸ್ ಗಂಧಕದ ನೀರಿಗೆ ಹೆಸರಾದ ಆರೋಗ್ಯಧಾಮವಾಗಿತ್ತು. ಸಂಧಿವಾತಕ್ಕೆ ಮದ್ದೆಂದು ನಂಬಿ ರೋಗಿಗಳು ರೈಲು ಹತ್ತಿ ಬರುತ್ತಿದ್ದರು. ಚಿಲುಮೆಯ ಸುತ್ತ ಕಟ್ಟಿದ ಗೋಡೆ ಇಂದಿಗೂ ನಿಂತಿದೆ. ಒಳಗೆ ಮೊದಲಿನ ಹರಿವು ಉಳಿದಿಲ್ಲ.

ಆದರೆ ಕೆಟ್ಟುದನ್ನು ಸ್ವಲ್ಪವಾದರೂ ತಿದ್ದಿಕೊಳ್ಳಲು ಸಾಧ್ಯವೆಂಬುದಕ್ಕೂ ನಿದರ್ಶನಗಳಿವೆ. ಇಚಟಕ್ನೀಗೆ ಮೇಲಿನ ಲೇಕ್ ಸಿಟಿಯ ಕೊಳಚೆನೀರನ್ನು ಶುದ್ಧಿಮಾಡಿ ನೇರವಾಗಿ ಹೊಲಕ್ಕೆ ಸಿಂಪಡಿಸುತ್ತಿದ್ದುದನ್ನು ಬದಲಿಸಿ, ಕೃತಕ ಜೌಗುಗಳಲ್ಲಿ ಹಾಯಿಸಿ ಸಾರಜನಕವನ್ನು ತಗ್ಗಿಸುವ ಏರ್ಪಾಡಾಗಿದೆ. ಭಾರತದಲ್ಲಿ ತಮಿಳುನಾಡು 2003ರಲ್ಲಿ ಮಳೆನೀರಿನ ಕೊಯ್ಲನ್ನು ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಿತು. ಚೆನ್ನೈಯ ಕನ್ನಡಿಗರ ಮನೆಗಳೂ ಇದರಲ್ಲಿ ಪಾಲ್ಗೊಂಡಿವೆ. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಇಂಗುಗುಂಡಿಯ ಹೂಳೆತ್ತಿಸುವ ಮಾತು ಬಂದಾಗ, ಅದು ಕೇವಲ ಖರ್ಚಿನ ಬಾಬ್ತೆಂದು ತಳ್ಳಿಹಾಕದೆ ಒಪ್ಪಿಗೆ ಕೊಡುವುದು ಪ್ರತಿಯೊಬ್ಬ ಸದಸ್ಯನಿಂದಲೂ ಆಗಬಹುದಾದ ಕೆಲಸ.

ಚಿಲುಮೆಯ ಹೊಳೆಯಲ್ಲಿ ದೋಣಿ ನಡೆಸುವವನ ಕೆಳಗೆ ಹರಿಯುವುದು ಎಷ್ಟೋ ವರ್ಷಗಳ ಹಿಂದೆ, ಎಷ್ಟೋ ಮೈಲಿಗಳಾಚೆ ಯಾರದೋ ಹೊಲದಲ್ಲಿ ಇಂಗಿದ ಮಳೆ. ಅಂದು ಆ ನೆಲದ ಮೇಲಿದ್ದವರು ಏನು ಸುರಿದರೋ ಅದು ಇಂದು ನೀರಿನಲ್ಲಿದೆ. ಇಂದು ನಗರದ ನೆಲಕ್ಕೆ ಇಳಿಯುವ ನೀರು ಮೊಮ್ಮಕ್ಕಳ ಲೋಟಕ್ಕೆ ಬರುವ ಹೊತ್ತಿಗೆ ಹೇಗಿರುತ್ತದೆಂಬುದು ಈಗಿನವರ ಕೈಯಲ್ಲಿದೆ.