ಕವಳಿ ಹಣ್ಣು ರಕ್ತವನ್ನು ಹೆಚ್ಚಿಸುವುದೇ?

ರೋಹಿಣಿ ಮಳೆ ಹನಿಯುವ ಮುನ್ನ ನಮ್ಮ ಸೀಮೆಯ ಸಂತೆಗಳಿಗೆ ಕವಳಿ ಹಣ್ಣು ಬರುತ್ತದೆ. ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ತಾಯಂದಿರು ಮುತ್ತಲ ಎಲೆಯ ದೊನ್ನೆಯಲ್ಲಿ ಅಳೆದು ಕೊಡುತ್ತಾರೆ. ಕೊಳ್ಳುವವರಲ್ಲಿ ಅನೇಕರು ಹೇಳುವ ಮಾತು ಒಂದೇ: “ಇದು ರಕ್ತಕ್ಕೆ ಒಳ್ಳೆಯದು.” ರಕ್ತದಾನಿಗಳ ತವರೂರೆಂದು ಹೆಸರಾದ ಅಕ್ಕಿಆಲೂರಿನಲ್ಲಿ ಈ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ರಕ್ತದಾನ ಮಾಡಲು ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಉತ್ಸಾಹದಿಂದ ಶಿಬಿರಕ್ಕೆ ಬಂದ ತಾಯಂದಿರು ಬೆರಳ ತುದಿಯ ಪರೀಕ್ಷೆಯಾದ ಮೇಲೆ ಸಪ್ಪೆ ಮುಖದಿಂದ ಹಿಂತಿರುಗುವುದನ್ನು ನಾವು ಕಂಡಿದ್ದೇವೆ. ಅಂಥವರಿಗೆ ಯಾರಾದರೊಬ್ಬರು ಕವಳಿ ಹಣ್ಣು ತಿನ್ನಲು ಹೇಳಿಯೇ ಹೇಳುತ್ತಾರೆ. ಆ ಸಲಹೆಯಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಕವಳಿಯನ್ನು ಸಂಸ್ಕೃತದಲ್ಲಿ ಕರಮರ್ದ, ಹಿಂದಿಯಲ್ಲಿ ಕರೌಂದಾ, ಮರಾಠಿಯಲ್ಲಿ ಕರವಂದ ಎನ್ನುವರು. ಮಹಾರಾಷ್ಟ್ರದಲ್ಲಿ ಇದನ್ನು ಮಾರುವವರು “ಡೋಂಗರಚೀ ಕಾಳೀ ಮೈನಾ”, ಅಂದರೆ ಗುಡ್ಡದ ಕರಿ ಮೈನಾ, ಎಂದು ಕೂಗುವುದುಂಟು. ಜೋಡಿ ಮುಳ್ಳಿನ ಈ ಪೊದೆ ಕುರುಚಲು ಕಾಡಿನಲ್ಲಿಯೂ ಹೊಲದ ಬೇಲಿಯಲ್ಲಿಯೂ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಮಲ್ಲಿಗೆಯನ್ನು ನೆನಪಿಸುವ ಬಿಳಿಯ ಹೂವು. ಹಸಿರು ಕಾಯಿ ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಿತ್ತೊಡನೆ ತೊಟ್ಟಿನಿಂದ ಅಂಟಾದ ಬಿಳಿಯ ಹಾಲು ಜಿನುಗುತ್ತದೆ. ಬೇಕರಿಯ ಕೇಕಿನ ಮೇಲೆ ಚೆರಿ ಎಂದು ಇಡುವ ಕೆಂಪು ಹಣ್ಣು ಎಷ್ಟೋ ವೇಳೆ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳಿಯೇ ಆಗಿರುತ್ತದೆ. ಸಂತೆಯಲ್ಲಿ ಕಂಡರೂ ಕೊಳ್ಳದವರು ಅಲ್ಲಿ ಹಣ ಕೊಟ್ಟು ತಿನ್ನುತ್ತಾರೆ!

ಇನ್ನು ಕಬ್ಬಿಣದ ಮಾತು. ಕವಳಿಯಲ್ಲಿ ನೂರು ಗ್ರಾಂಗೆ 39 ಮಿಲಿಗ್ರಾಂ ಕಬ್ಬಿಣವಿದೆ ಎಂಬ ಲೆಕ್ಕ ಬಹಳ ಕಡೆ ಕಾಣಸಿಗುತ್ತದೆ. ಅದು ಸುಳ್ಳಲ್ಲ; ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿರುವ ಅಂಕಿ. ಆದರೆ ಅದು ಒಣಗಿಸಿದ ಹಣ್ಣಿನದು ಎಂಬುದನ್ನು ಹೇಳುವವರು ಮರೆಯುತ್ತಾರೆ. ತಾಜಾ ಹಣ್ಣಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುತ್ತದೆ. ನೂರು ಗ್ರಾಂ ಒಣ ಕವಳಿ ದೊರೆಯಬೇಕಾದರೆ ಒಂಬತ್ತು ನೂರು ಗ್ರಾಂನಷ್ಟು ತಾಜಾ ಹಣ್ಣು ಬೇಕು. ಹಾಗೆ ಎಣಿಸಿದರೆ ಐವತ್ತು ಗ್ರಾಂನ ಒಂದು ದೊನ್ನೆ ಹಣ್ಣಿನಲ್ಲಿ ದೊರೆಯುವ ಕಬ್ಬಿಣ ಎರಡು ಮಿಲಿಗ್ರಾಂ ಆಸುಪಾಸು. ವಯಸ್ಕ ಮಹಿಳೆಗೆ ದಿನವೊಂದಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದೆ. ಕೇವಲ ಕವಳಿಯನ್ನೇ ನೆಚ್ಚಿದರೆ ಈ ಕೊರತೆ ತುಂಬದು.

ಹಾಗಾದರೆ ಹಿರಿಯರ ಮಾತು ಹುಸಿಯೇ? ಅಲ್ಲ ಎಂದೇ ನಮ್ಮ ತಿಳಿವಳಿಕೆ. ಕವಳಿಯ ಉಪಕಾರ ಅದರ ಕಬ್ಬಿಣಕ್ಕಿಂತ ಹೆಚ್ಚಾಗಿ ಅದರ ಹುಳಿಯಲ್ಲಿದೆ. ಶಾಕಾಹಾರಿಗಳಾದ ನಮಗೆ ಕಬ್ಬಿಣ ದೊರೆಯುವುದು ಧಾನ್ಯ, ಬೇಳೆ, ಸೊಪ್ಪುಗಳಿಂದ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಇದೆ. (ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಸಹ ಇಲ್ಲ; ಅಕ್ಕಿಯನ್ನು ಹೆಸರಿನಲ್ಲೇ ಹೊತ್ತ ಊರಿನವರು ಇದನ್ನು ಗಮನಿಸಬೇಕು.) ಆದರೆ ಸಸ್ಯಾಹಾರದ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳಿನ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಪದಾರ್ಥ ಅದನ್ನು ಕಟ್ಟಿಹಾಕುತ್ತದೆ. ಅದೇ ಊಟದಲ್ಲಿ ‘ಸಿ’ ಜೀವಸತ್ವವೂ ಹುಳಿಯ ಆಮ್ಲಗಳೂ ಸೇರಿದರೆ ಆ ಕಟ್ಟು ಸಡಿಲಗೊಂಡು ಹೆಚ್ಚಿನ ಕಬ್ಬಿಣ ರಕ್ತಕ್ಕೆ ಸೇರುತ್ತದೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯದ ಪಕ್ಕದಲ್ಲಿ ಹಸಿ ಕವಳಿಕಾಯಿಯ ಚಟ್ನಿ ಇಟ್ಟ ನಮ್ಮ ಅಜ್ಜಿಯರಿಗೆ ಜೀವಸತ್ವದ ಹೆಸರು ತಿಳಿದಿರಲಿಲ್ಲ, ಆದರೆ ಜೋಡಣೆ ಸರಿಯಾಗಿತ್ತು. ಈ ಕೆಲಸವನ್ನು ನಿಂಬೆಯೂ ಮಾಡಬಲ್ಲದು. ನೆಲ್ಲಿಯಂತೂ ಕವಳಿಗಿಂತ ಬಹಳ ಮುಂದಿದೆ. ಬೇಸಿಗೆಯ ಕೊನೆಯಲ್ಲಿ ಹಣ ಕೊಡದೆ ಬೇಲಿಯಲ್ಲಿಯೇ ದೊರೆಯುವುದು ಕವಳಿಯ ಹೆಚ್ಚುಗಾರಿಕೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಹಣ್ಣನ್ನು ಊಟದ ಜೊತೆಗೆ, ತಾಜಾ ಇರುವಾಗಲೇ ತಿನ್ನಬೇಕು. ಒಣಗಿಸಿದರೆ, ಹೆಚ್ಚು ಹೊತ್ತು ಕುದಿಸಿದರೆ ‘ಸಿ’ ಜೀವಸತ್ವ ನಶಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಬಿಡಬೇಕು. ಚಹಾದ ಒಗರು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ. ಉಪ್ಪಿನಕಾಯಿ ರುಚಿಗೆ ಸರಿ, ಆದರೆ ರಕ್ತದೊತ್ತಡ ಇರುವವರು ಅದರ ಉಪ್ಪನ್ನು ನೆನಪಿಡಬೇಕು.

ಪಕ್ವವಾದ ಕವಳಿಯ ಕಪ್ಪು ಬಣ್ಣಕ್ಕೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು. ನೇರಳೆಯಲ್ಲಿಯೂ ಇವು ಇವೆ. ಉತ್ತರ ಯುರೋಪಿನ ಕಾಡುಗಳಲ್ಲಿ ಬೆಳೆಯುವ ಬಿಲ್‌ಬೆರಿ ಎಂಬ ಪುಟ್ಟ ಹಣ್ಣಿಗೂ ಇವೇ ಬಣ್ಣ ಕೊಟ್ಟಿವೆ. ತಿಂದರೆ ನಾಲಿಗೆ ನೇರಳೆ ತಿಂದಂತೆಯೇ ಆಗುತ್ತದಂತೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರು ಅದರ ಜಾಮ್ ತಿಂದು ಕತ್ತಲಲ್ಲಿಯೂ ಚೆನ್ನಾಗಿ ಕಾಣುತ್ತಿದ್ದರೆಂಬ ಕಥೆ ಜಗತ್ತೆಲ್ಲ ಹಬ್ಬಿತು. 2000ದಲ್ಲಿ ಅಮೆರಿಕದ ನೌಕಾದಳದ ಸಂಶೋಧಕರು ಪರೀಕ್ಷಿಸಿ ನೋಡಿದಾಗ ರಾತ್ರಿಯ ದೃಷ್ಟಿಯಲ್ಲಿ ಯಾವ ಹೆಚ್ಚಳವೂ ಕಾಣಲಿಲ್ಲ. ಹಣ್ಣು ಒಳ್ಳೆಯದೇ, ಕಥೆ ಮಾತ್ರ ಹಣ್ಣಿಗಿಂತ ದೊಡ್ಡದಾಗಿತ್ತು. ಕವಳಿ ಮಧುಮೇಹವನ್ನು ಗುಣಪಡಿಸುತ್ತದೆ ಎಂದು ಹೇಳುವವರ ಮಾತನ್ನೂ ನಾವು ಹೀಗೆಯೇ ನೋಡಬೇಕು. ಇಲಿಗಳ ಮೇಲೆ ನಡೆದ ಪ್ರಯೋಗಗಳನ್ನು ನಂಬಿ ಮಾತ್ರೆ ಬಿಡುವುದು ಅಪಾಯ.

ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಪ್ರಮಾಣ 65.5. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು 180 ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಾಯಿತೆಂದು, ವಾಕರಿಕೆ ಬಂತೆಂದು ಅದನ್ನು ಗೂಡಿನಲ್ಲಿಟ್ಟು ಮರೆಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮ, ಭಯ ಬೇಡ. ವಾಕರಿಕೆ ಇದ್ದರೆ ರಾತ್ರಿ ಊಟದ ನಂತರ ನುಂಗಬಹುದು. ಕವಳಿ ಆ ಮಾತ್ರೆಯ ಜೊತೆಗಿರಲಿ, ಅದರ ಬದಲಿಗೆ ಬೇಡ. ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಕರುಳಿನ ಹುಳು, ಹೆಚ್ಚಿನ ಮುಟ್ಟಿನ ಸ್ರಾವ ಮುಂತಾದ ಕಾರಣಗಳನ್ನು ವೈದ್ಯರು ಹುಡುಕಬೇಕಾಗುತ್ತದೆ.

ಒಂದು ಎಚ್ಚರಿಕೆ. ಕವಳಿಯೂ ವಿಷದ ಕಣಗಿಲೆಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಮಕ್ಕಳು ಗುಡ್ಡಕ್ಕೆ ಹೋದಾಗ ಗುರುತು ಬಲ್ಲ ಹಿರಿಯರೊಬ್ಬರು ಜೊತೆಯಲ್ಲಿರಬೇಕು. ಎಳೆಗಾಯಿಯ ಅಂಟು ಹೋಗಲು ಉಪ್ಪು ನೀರಿನಲ್ಲಿ ನೆನೆಸಿ ತೊಳೆಯಬೇಕು.

ಗುಡ್ಡಗಳು ಬೋಳಾಗಿ, ಬೇಲಿಗಳು ತಂತಿಯಾಗಿ, ಹಾನಗಲ್ಲ ಸೀಮೆಯಲ್ಲಿ ಕವಳಿ ಪೊದೆ ಅಪರೂಪವಾಗುತ್ತಿದೆ. ನೆಡುವುದು ಕಷ್ಟವೇನಲ್ಲ. ಬೀಜಕ್ಕೆ ಬಾಳಿಕೆ ಕಡಿಮೆ, ಆದ್ದರಿಂದ ಮುಂದಿನ ವರ್ಷಕ್ಕೆಂದು ಎತ್ತಿಡಬಾರದು. ಚೆನ್ನಾಗಿ ಕಳಿತ ಹಣ್ಣನ್ನು ತಿಂದು, ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಿ, ಆ ವಾರದೊಳಗೆ ಚೀಲದ ಮಣ್ಣಿಗೆ ಹಾಕಬೇಕು. ಸಸಿ ಗೇಣುದ್ದವಾದ ಮೇಲೆ ಮಳೆಗಾಲದಲ್ಲಿ ಬದುವಿಗೆ ಹಚ್ಚಿದರೆ, ಬೇರೂರಿದ ನಂತರ ಅದು ನೀರು ಕೇಳುವುದಿಲ್ಲ, ದನವೂ ಮುಟ್ಟುವುದಿಲ್ಲ.