ಮೀಟರಿನೊಳಗೊಂದು ಪುಟ್ಟ ಒಲೆ

ರಾರಾವಿಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮದು ಹಳೇ ಮಾರುತಿ 800. ಸಿರುಗುಪ್ಪದಲ್ಲಿ ಹತ್ತು ಲೀಟರ್ ಪೆಟ್ರೋಲ್ ಹಾಕಿಸಿದರೂ ಮುಳ್ಳು ಏಳಲಿಲ್ಲ. ಹಗರಿ ಸೇತುವೆ ಹತ್ತಿರ ಗಾಡಿ ಕುಲುಕಿದ ಮೇಲೆ ಮೆಲ್ಲಗೆ ಅರ್ಧಕ್ಕೆ ಬಂತು, ಮುಂದಿನ ಗುಂಡಿಗೆ ಮತ್ತೆ ಇಳಿಯಿತು. ಬಂಕಿನವರು ಮೋಸ ಮಾಡಿದರೇ? ದೃಷ್ಟಿಯಾಗಿದೆ ಎಂದು ಮನೆಯಲ್ಲಿ ಕುಂಬಳಕಾಯಿ ಒಡೆಸಿದರು.’

ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮೆಲ್ಲಗೆ’ ಎಂಬ ಮಾತಿನ ಮೇಲೆ. ಅರ್ಧ ರೋಗ ಅಲ್ಲೇ ಸಿಕ್ಕಿತು!

ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ನಮ್ಮ ಮನೆಯ ನೀರಿನ ತೊಟ್ಟಿಯ ಗುಂಡಿನಂಥದೇ, ಅದು ಎಲ್ಲರಿಗೂ ಗೊತ್ತು. ಸೊಗಸಿರುವುದು ಡ್ಯಾಶ್‌ಬೋರ್ಡಿನಲ್ಲಿ. ಹಳೆಯ ಅನೇಕ ಕಾರುಗಳ ಮೀಟರಿನೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ, ಅದರ ಸುತ್ತ ಕೂದಲೆಳೆಯಂಥ ತಂತಿ. ಕರೆಂಟ್ ಹರಿದರೆ ತಂತಿ ಕಾಯುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರುವುದೂ ಇಂಥದೇ ಪಟ್ಟಿಯಿಂದ. ನಾವು ಪೆಟ್ರೋಲಿನ ಮಟ್ಟವೆಂದು ಓದುವುದು ನಿಜವಾಗಿ ಒಂದು ಪುಟ್ಟ ಒಲೆಯ ಬಿಸಿಯನ್ನು! ಕಾಯಲು, ಆರಲು ಹೊತ್ತು ಬೇಕು. ಆ ನಿಧಾನವೇ ಇದರ ಜಾಣತನ: ರಸ್ತೆಯ ಗುಂಡಿಗಳಲ್ಲಿ ಪೆಟ್ರೋಲ್ ಎಷ್ಟೇ ತುಳುಕಾಡಲಿ, ಮುಳ್ಳು ಕುಣಿಯುವುದಿಲ್ಲ. ಕೀಲಿ ತಿರುಗಿಸಿ ನೋಡಿ, ಮಲಗಿದ್ದ ಎಮ್ಮೆ ಏಳುವಂತೆ ಎದ್ದರೆ ನಿಮ್ಮದೂ ಈ ಜಾತಿಯದೇ.

ಈ ಬಗೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯಾಂಕ್ ತುಂಬಿ ಫ್ಲೋಟ್ ಏರಿದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ, ಒಲೆ ಹೆಚ್ಚು ಕಾಯುತ್ತದೆ. ತಂತಿ ಕಡಿದರೆ ಒಲೆ ಆರಿತು, ಮುಳ್ಳು ಖಾಲಿಗೆ ಬಿತ್ತು. ಕುಲುಕಿದಾಗ ಏರಿ ಮತ್ತೆ ಇಳಿಯುವುದೆಂದರೆ ಎಲ್ಲೋ ಸಂಪರ್ಕ ತಾಗಿ ಬಿಡುತ್ತಿದೆ. ಮೊದಲು ಟ್ಯಾಂಕಿನ ಅರ್ಥ್ ತಂತಿ ನೋಡಿ. ತುಕ್ಕಿದ್ದರೆ ಚೂರು ಉಪ್ಪುಕಾಗದ ಸಾಕು. ಕುಂಬಳಕಾಯಿಯಿಂದ ತುಕ್ಕು ಹೋಗುವುದಿಲ್ಲ, ದಯವಿಟ್ಟು ಅದನ್ನು ಸಾಂಬಾರಿಗೆ ಹಾಕಿ. ಬಂಕಿನವರ ಮೇಲೆ ಅನುಮಾನವಿದ್ದರೆ ಮುದ್ರೆ ಒತ್ತಿದ 5 ಲೀಟರಿನ ಅಳತೆ ಪಾತ್ರೆ ಅಲ್ಲೇ ಇರುತ್ತದೆ, ಕೇಳಿ ಅಳೆಸಿ. ಮುಳ್ಳಿನ ಮಾತು ನಂಬಿ ಜಗಳ ತೆಗೆಯಬೇಡಿ.

ಅರ್ಥ್ ಸರಿಯಿದ್ದರೆ ಕೀಲಿ ಆರಿಸಿ ಟ್ಯಾಂಕಿನ ಪ್ಲಗ್ ಬಿಚ್ಚಿ, ಮೀಟರಿನಿಂದ ಬಂದ ತಂತಿಗೂ ಗಾಡಿಯ ಬಾಡಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಕಟ್ಟಿ, ಆಮೇಲೆ ಕೀಲಿ ಹಾಕಿ. ಮುಳ್ಳು ಎದ್ದರೆ ಮೀಟರ್ ನಿರಪರಾಧಿ. ಬಲ್ಬಿಲ್ಲದೆ ನೇರ ತಾಗಿಸಿದರೆ ಒಳಗಿನ ತಂತಿ ಸುಟ್ಟೀತು. ಪೆಟ್ರೋಲ್ ಆವಿಯ ಬಳಿ ಕಿಡಿಯಂತೂ ಬೇಡವೇ ಬೇಡ. ಇಂಜಿನ್ ಬಿಸಿ ತೋರಿಸುವ ಮುಳ್ಳೂ ಜೊತೆಗೇ ಕೆಟ್ಟಿದ್ದರೆ ತಪ್ಪು ಬಹುಶಃ ಎರಡಕ್ಕೂ ಕರೆಂಟ್ ಕೊಡುವ ಕಡೆಯದು.

ನನ್ನ ಹಳೇ ಜೀಪಿನ ಮುಳ್ಳು ಒಮ್ಮೆ ಖಾಲಿಯಲ್ಲೇ ಕೂತುಬಿಟ್ಟಿತ್ತು. ತಂತಿ, ಅರ್ಥ್, ಮೀಟರ್ ಎಲ್ಲ ಸರಿಯಿದ್ದವು. ಮೆಕ್ಯಾನಿಕ್ ಹಿತ್ತಾಳೆಯ ಫ್ಲೋಟನ್ನು ಹೊರತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಗುಳಗುಳ ಪೆಟ್ರೋಲ್! ಬೆಸುಗೆಯ ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕಿತ್ತು. ತೇಲಬೇಕಾದದ್ದು ತಳದಲ್ಲಿ ಮುಳುಗಿ ಕೂತಿತ್ತು.