ಹುಣಸೆ ತೋಪಿನ ನೀಲಿ ಅಂಗಿ

ನಲ್ಲೂರಿನ ಹುಣಸೆ ತೋಪಿನೊಳಗೆ ಹೊತ್ತು ಬೇಗ ಮುಳುಗುತ್ತದೆ. ಆಚೆ ರಾಗಿ ಹೊಲದ ಮೇಲೆ ಇನ್ನೂ ಬಿಸಿಲಿರುವಾಗಲೇ ಈಚೆ ಮಬ್ಬು ಕವಿಯುತ್ತದೆ. 54 ಎಕರೆ, ಸುಮಾರು 300 ಮರ. ಕೆಲವು ಕಾಂಡಗಳು ಹಗ್ಗದಂತೆ ಹುರಿಗೊಂಡಿವೆ, ಕೆಲವು ಪೊಟರೆ ಬಿದ್ದು ಟೊಳ್ಳಾಗಿವೆ. ನೆಲಕ್ಕೆ ಒರಗಿದ ಮರವೂ ಒರಗಿದಲ್ಲೇ ಚಿಗುರಿ ನಿಂತಿದೆ. ದೇವನಹಳ್ಳಿ ತಾಲ್ಲೂಕಿನ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಊರಿನವರಿಗೆ ಮಾತ್ರ ಅದು ಎಂದಿನಂತೆ ‘ತೋಪು’ ಅಷ್ಟೆ.

2025ರ ಆಗಸ್ಟ್‌ನ ಒಂದು ಭಾನುವಾರದ ಸಂಜೆ. ತೋಪಿನ ಅಂಚಿನ ಬಯಲಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದಾರೆ. ಒಂದು ಕಡೆ ಗೋಲಿಗೆ ಎರಡು ಕಲ್ಲು, ಇನ್ನೊಂದು ಕಡೆ ಒಂದು ಜೊತೆ ಹವಾಯಿ ಚಪ್ಪಲಿ. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಾ ಹೋದರೂ ಯಾರೂ ಕತ್ತೆತ್ತಿ ನೋಡುವುದಿಲ್ಲ. ಬೇರಿನ ಮೇಲೆ ಕುಳಿತ ಇಪ್ಪತ್ನಾಲ್ಕರ ಯುವಕನ ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ. ಬೆನ್ನಿಗೆ ಸುನಿಲ್ ಚೆಟ್ರಿಯ 11. ಒಗೆದು ಒಗೆದು ಒಂದು ‘1’ ಅರ್ಧ ಸುಲಿದುಹೋಗಿದೆ.

ಚೆಂಡು ಎತ್ತಿಕೊಳ್ಳಲು ಬಂದ ಹುಡುಗ ಅಲ್ಲೇ ನಿಂತ.

“ಅಣ್ಣಾ, ಟೀಮ್ ಮಾರ್ಬಿಡ್ತಾರಂತೆ, ಹೌದಾ?”

“ಯಾರೋ ಹೇಳಿದ್ದು?”

“ಎಲ್ರೂ ಅಂತಾವ್ರೆ. ಬೇರೆ ಊರಿಗೆ ತಗೊಂಡೋಯ್ತಾರಂತೆ.”

ಯುವಕ ಉತ್ತರ ಹೇಳಲಿಲ್ಲ. ಹುಡುಗನ ಪ್ರಶ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಸಂಸ್ಥೆಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಹೊಸ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸಂಬಳವೇ ನಿಂತ ಮನೆಯನ್ನು ಎಷ್ಟು ದಿನ ಇಟ್ಟುಕೊಂಡಾರು? ಅಭಿಮಾನಿಗಳ ಎದೆಯಲ್ಲಿ ಭಯ ಹೊಕ್ಕಿದ್ದು ಹೀಗೆ.

ಯುವಕ ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಒಳಗೆ ಹಳೆಯ ಟಿಕೆಟ್‌ಗಳು, ರಬ್ಬರ್‌ಬ್ಯಾಂಡ್ ಹಾಕಿದ ಒಂದು ಕಟ್ಟು. ಎಲ್ಲಕ್ಕಿಂತ ಕೆಳಗಿನದು 2016ರ ಅಕ್ಟೋಬರ್ 19ರದು. ಅಕ್ಷರ ಮಾಸಿದೆ, ಮಡಿಕೆಯ ಜಾಗದಲ್ಲಿ ಕಾಗದ ಬಿರುಕು ಬಿಟ್ಟಿದೆ. ಅಂದು ಮಾವನ ಕೈ ಹಿಡಿದು ದೇವನಹಳ್ಳಿಗೆ ಬಂದು, ಬಸ್ಸು ಹಿಡಿದು, ಕಾರ್ಪೊರೇಷನ್ ಹತ್ತಿರ ಇಳಿದು, ಹಡ್ಸನ್ ಸರ್ಕಲ್ ದಾಟಿ ನಡೆದು ಕಂಠೀರವ ಕ್ರೀಡಾಂಗಣ ಮುಟ್ಟಿದ್ದ. ಎಎಫ್‌ಸಿ ಕಪ್ ಸೆಮಿಫೈನಲ್. ಎದುರಾಳಿ ಮಲೇಷ್ಯಾದ ಜೊಹೊರ್. ಚೆಟ್ರಿ ಎರಡು ಗೋಲು ಹೊಡೆದರು, ಬೆಂಗಳೂರು 3–1ರಿಂದ ಗೆದ್ದಿತು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ವೆಸ್ಟ್ ಬ್ಲಾಕಿನಲ್ಲಿ ತಮಟೆಯ ಹಾಗೆ ಬಡಿಯುತ್ತಿದ್ದ ಡ್ರಮ್ಮಿನ ಸದ್ದು ಕೊನೇ ಬಸ್ಸು ಹತ್ತಿದ ಮೇಲೂ ಕಿವಿಯಲ್ಲೇ ಇತ್ತು. ಮೊದಲ ಸಲ ‘ನಮ್ಮ ಟೀಮ್’ ಎಂದು ಬಾಯಲ್ಲಿ ಬಂದದ್ದು ಆ ಬಸ್ಸಿನಲ್ಲೇ.

ಭಯ ಅವನಿಗೆ ಹೊಸದಲ್ಲ. 2019ರ ಮಾರ್ಚ್ 17ರಂದು ಬೆಂಗಳೂರು ಮುಂಬೈಯಲ್ಲಿ ಗೋವಾ ತಂಡವನ್ನು ಸೋಲಿಸಿ ಲೀಗ್ ಕಿರೀಟ ತೊಟ್ಟಿತು. ಆರು ತಿಂಗಳು ಕಳೆಯುವಷ್ಟರಲ್ಲಿ, ತವರಿನ ಪಂದ್ಯಗಳು ಪುಣೆಗೆ ಹೋಗುತ್ತವೆ ಎಂಬ ಸುದ್ದಿ ಹಬ್ಬಿತು. ಕಂಠೀರವ ನಮ್ಮ ಓಟದ ಅಂಗಳ, ಫುಟ್‌ಬಾಲ್‌ನಿಂದ ನಮ್ಮ ಅಭ್ಯಾಸಕ್ಕೆ ಕುತ್ತು ಬಂದಿದೆ ಎಂದು ಅಥ್ಲೀಟ್‌ಗಳ ಕಡೆಯವರು ಹೈಕೋರ್ಟ್ ಮೆಟ್ಟಿಲೇರಿದ್ದರು. ಅವರ ನೋವೂ ನ್ಯಾಯವಾದದ್ದೇ: ಇಷ್ಟು ದೊಡ್ಡ ನಗರ ಎರಡು ಆಟಗಳಿಗೆ ಎರಡು ಒಳ್ಳೆಯ ಅಂಗಳ ಕೊಡಲಾಗದೆ, ಇಬ್ಬರನ್ನೂ ಒಂದೇ ಜಾಗಕ್ಕೆ ಕಾದಾಡಲು ಬಿಟ್ಟಿತ್ತು. ಕಡೆಗೆ ಅನುಮತಿ ಸಿಕ್ಕಿತು. ಅಕ್ಟೋಬರ್ 21ರಂದು ಕಂಠೀರವದಲ್ಲೇ ನಾರ್ತ್‌ಈಸ್ಟ್ ಎದುರು ಪಂದ್ಯ ನಡೆಯಿತು. ಗೋಲೇ ಇಲ್ಲದೆ ಮುಗಿದ ಆ ಪಂದ್ಯದ ಟಿಕೆಟ್ಟೂ ಈ ಕಟ್ಟಿನಲ್ಲಿದೆ. “ಅವತ್ತು ಗೆಲ್ಲೋದು ಬೇಕಿರ್ಲಿಲ್ಲ ಸಾರ್. ಊರಲ್ಲೇ ಉಳ್ಕೊಂಡ್ರಲ್ಲ, ಸಾಕಾಗಿತ್ತು” ಎಂದು ಯುವಕ ನನಗೆ ಹೇಳಿದ.

ಪುಣೆಯಲ್ಲಿ ಜಾಗ ಖಾಲಿ ಇದ್ದದ್ದು ಯಾಕೆ ಎಂದು ನೆನೆದರೆ ಸಂಕಟವಾಗುತ್ತದೆ. ಅದೇ ವರ್ಷ ಅಲ್ಲಿನ ಪುಣೆ ಸಿಟಿ ತಂಡ ಮುಚ್ಚಿ, ಅದರ ಸ್ಥಾನಕ್ಕೆ ಹೈದರಾಬಾದ್ ಎಫ್‌ಸಿ ಬಂದಿತ್ತು. ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆದದ್ದೂ ಆಗಲೇ. 2025ರಲ್ಲಿ ಆ ಹೈದರಾಬಾದ್ ತಂಡವೂ ದಿಲ್ಲಿಯ ಪಾಲಾಗಿ ಹೆಸರು ಬದಲಿಸಿಕೊಂಡಿತು. ಒಂದೊಂದು ಸಲವೂ ಒಂದೊಂದು ಊರಿನ ಹುಡುಗರು ಅಂಗಿ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಾರೆ; ಅವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಹೊರದೇಶದಲ್ಲೂ ಹೀಗಾಗಿದ್ದುಂಟು. ಇಂಗ್ಲೆಂಡಿನ ವಿಂಬಲ್ಡನ್ ತಂಡವನ್ನು 2003ರಲ್ಲಿ ಮಿಲ್ಟನ್ ಕೀನ್ಸ್ ಎಂಬ ದೂರದ ಪಟ್ಟಣಕ್ಕೆ ಒಯ್ದರು. ಹಾಗಾಗುವುದೆಂದು ತಿಳಿದ ಅಭಿಮಾನಿಗಳು ಹಿಂದಿನ ವರ್ಷವೇ ತಮ್ಮದೇ ತಂಡ ಕಟ್ಟಿ, ಕೆಳಗಿನ ಹಂತದ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ, 2020ರಲ್ಲಿ ತಮ್ಮ ಹಳೆಯ ಬೀದಿಯಾದ ಪ್ಲೌ ಲೇನ್‌ಗೆ ಮರಳಿದರು. ಜರ್ಮನಿಯಲ್ಲಿ ಹೆಚ್ಚಿನ ಕ್ಲಬ್ಬುಗಳ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಭಿಮಾನಿಗೆ ಇರುವ ಹಕ್ಕು ಟಿಕೆಟ್ ಕೊಳ್ಳುವುದೊಂದೇ.

ನಮ್ಮ ಮಾತು ಕೇಳುತ್ತಾ ಬೀಡಿ ಸೇದುತ್ತಿದ್ದ ಯುವಕನ ತಾತ ಆಗ ಬಾಯಿಬಿಟ್ಟರು. “ಆಟಕ್ಕೆ ಇಷ್ಟು ಯೋಚ್ನೆ ಮಾಡ್ತಾನಲ್ಲಾ ಅಂತ ಬೈತಿದ್ದೆ. ಈಗ ಬಯ್ಯಲ್ಲ. ನಿಮ್ದಲ್ಲ ಎದ್ದೋಗಿ ಅಂದ್ರೆ ಹೊಟ್ಟೇಲಿ ಏನಾಯ್ತದೆ ಅಂತ ನಮ್ ಕಡೆಯೋರ್ಗೆ ಗೊತ್ತು.”

ಹೌದು, ಈ ಸೀಮೆಗೆ ಗೊತ್ತು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಭೂಸ್ವಾಧೀನ ಕೈಬಿಟ್ಟೆವೆಂದು ಸರ್ಕಾರ ಹೇಳಿದ್ದು 2025ರ ಜುಲೈ 15ರಂದು. ಹೊಲವೂ ತಂಡವೂ ಒಂದೇ ತೂಕದವಲ್ಲ. ಹೊಲ ಹೋದರೆ ಅನ್ನ ಹೋಗುತ್ತದೆ. ಆದರೆ ಎರಡು ಕಡೆಯೂ ಕೇಳುತ್ತಿರುವುದು ಒಂದನ್ನೇ: ಕಾಗದ ಯಾರ ಹೆಸರಿನಲ್ಲಾದರೂ ಇರಲಿ, ಬಾಳುವೆ ಹೂಡಿದವರನ್ನು ಕೇಳದೆ ತೀರ್ಮಾನ ಮಾಡಬೇಡಿ.

ಕತ್ತಲಾಯಿತು. ಚೆಂಡು ಕಾಣದಾದರೂ ಹುಡುಗರು ಸದ್ದಿನ ಮೇಲೇ ಆಡುತ್ತಿದ್ದರು. ಯುವಕ ಟಿಕೆಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ರಬ್ಬರ್‌ಬ್ಯಾಂಡ್ ಎರಡು ಸುತ್ತು ಹಾಕಿ, ಕವರಿಗೆ ಸೇರಿಸಿದ. ಗೋಲಿಗಿಟ್ಟ ಚಪ್ಪಲಿಯನ್ನು ತಡಕಾಡಿ ಮೆಟ್ಟಿಕೊಳ್ಳುತ್ತಿದ್ದ ಆ ಹುಡುಗನನ್ನು ಕರೆದ.

“ಲೋ, ಮ್ಯಾಚ್ ಯಾವತ್ತು ಅಂತ ಗೊತ್ತಾದ್ರೆ ಹೇಳ್ತೀನಿ. ನೀನೂ ಬಾ. ಕೊನೇ ಬಸ್ಸಿಗೆ ಬಂದ್‌ಬಿಡಬಹುದು.”